ಸ್ಪ್ರೇ ಹೊಡೆದ ಕೂಡಲೇ ಥರ್ಮೋಕೋಲ್ ಕೋಟೆ ಕರಗಿತು, ಈಗೇನು ಮಾಡಲಿ?

ಬುರುಜು72:
ಎಲ್ಲರಿಗೂ ನಮಸ್ಕಾರ. 1799ರ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಟೇಬಲ್ ಮೇಲೆ ಆಡಬೇಕು ಅಂತ ಬಹಳ ದಿನದ ಆಸೆ. 1/72 ಅಳತೆಯ ಪ್ಲಾಸ್ಟಿಕ್ ಸೈನಿಕರು 80 ಜನ ರೆಡಿ ಇದ್ದಾರೆ, ಬಣ್ಣವೂ ಆಗಿದೆ. ಟಿವಿ ಬಾಕ್ಸಿನಲ್ಲಿ ಬಂದ ಥರ್ಮೋಕೋಲ್ ಕತ್ತರಿಸಿ, ಎರಡು ರಾತ್ರಿ ಕೂತು ಪೆನ್ನಿನಲ್ಲಿ ಕಲ್ಲಿನ ಗೆರೆ ಎಳೆದೆ. ಬೂದು ಸ್ಪ್ರೇ ಹೊಡೆದೆ ನೋಡಿ, ಗೋಡೆಯೆಲ್ಲ ತೂತು ತೂತಾಗಿ ಕುಸಿದು ಹೋಯ್ತು. ತುಂಬಾ ಬೇಜಾರಾಗಿದೆ. ರೆಡಿಮೇಡ್ ಗೋಡೆ ಹೊರಗಿನಿಂದ ತರಿಸುವಷ್ಟು ದುಡ್ಡಿಲ್ಲ. ಗೋಡೆ ಎಷ್ಟು ಎತ್ತರ ಇರಬೇಕು? ಗೋಡೆ ಒಡೆದ ಜಾಗ, ಕಾವೇರಿ, ಇವನ್ನೆಲ್ಲ ಹೇಗೆ ಮಾಡೋದು?

ಪುಟ್ಟಿಕೈ:
ಸ್ಪ್ರೇ ಡಬ್ಬದಲ್ಲಿರೋ ಸಾಲ್ವೆಂಟ್ ಥರ್ಮೋಕೋಲನ್ನು ತಿಂದುಬಿಡುತ್ತದೆ. ಅದಕ್ಕೆ ಡಬ್ಬ ಪಕ್ಕಕ್ಕಿಟ್ಟು ಬ್ರಷ್ ಹಿಡಿಯಿರಿ, ಮನೆ ಗೋಡೆಗೆ ಹೊಡೆದು ಮಿಕ್ಕಿದ ಎಮಲ್ಷನ್ ಸಾಕು. ಇನ್ನೊಂದು ಮಾತು, ಥರ್ಮೋಕೋಲಿನ ಮೇಲೆ ಗೆರೆ ಕೆತ್ತಬೇಡಿ, ಕಾಳು ಕಾಳಾಗಿ ಎದ್ದು ಬರುತ್ತದೆ. ಪೇಂಟ್ ಅಂಗಡಿಯಲ್ಲಿ ಒಂದು ಕೆಜಿ ವಾಲ್ ಪುಟ್ಟಿ ತನ್ನಿ. ಸ್ವಲ್ಪ ಫೆವಿಕಾಲ್, ಜರಡಿ ಹಿಡಿದ ಮರಳು ಸೇರಿಸಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ತೆಳ್ಳಗೆ ಬಳಿಯಿರಿ. ದಪ್ಪ ಬಳಿದರೆ ಬಿರುಕು ಬಿಡುತ್ತದೆ. ಬೆರಳಿಟ್ಟರೆ ಅಂಟಬಾರದು, ಉಗುರು ಒತ್ತಿದರೆ ಗುರುತು ಬೀಳಬೇಕು, ಆಗ ಇಂಕು ಮುಗಿದ ಪೆನ್ನಿನಲ್ಲಿ ಕಲ್ಲಿನ ಗೆರೆ ಎಳೆಯಿರಿ. ಎಲ್ಲ ಕಲ್ಲೂ ಒಂದೇ ಅಳತೆ ಬೇಡ.

ಬಣ್ಣಕ್ಕೆ ಮೊದಲು ಕಪ್ಪಿಗೆ ಸ್ವಲ್ಪ ಕಂದು ಸೇರಿಸಿ ಪೂರ್ತಿ ಹೊಡೆಯಿರಿ. ಒಣಗಿದ ಮೇಲೆ ಬ್ರಷ್ಷನ್ನು ಬೂದು ಬಣ್ಣಕ್ಕೆ ಅದ್ದಿ, ಪೇಪರಿಗೆ ಒರೆಸಿ ಒರೆಸಿ ಬಣ್ಣ ಇಲ್ಲವೇ ಇಲ್ಲ ಅನ್ನಿಸಿದಾಗ ಗೋಡೆ ಮೇಲೆ ಹಗುರವಾಗಿ ಆಡಿಸಿ. ಕಲ್ಲಿನ ಅಂಚಷ್ಟೇ ಬೆಳ್ಳಗಾಗುತ್ತದೆ, ಗೆರೆ ಕಪ್ಪಾಗೇ ಉಳಿಯುತ್ತದೆ. ಕಲ್ಲು ಅಂತ ಕಣ್ಣು ನಂಬೋದು ಇಲ್ಲೇ.

ಎತ್ತರ ಸುಲಭ, ನಿಜದ ಅಳತೆಯನ್ನು 72ರಿಂದ ಭಾಗಿಸಿ. 20 ಅಡಿ ಗೋಡೆ ಸುಮಾರು 8.5 ಸೆಂಟಿಮೀಟರ್ ಆಗುತ್ತದೆ.

ಬೊಂಬೆಮನೆ:
ನೆಲಕ್ಕೆ ನಾನು ಹೇಳ್ತೀನಿ. ನಮ್ಮಮ್ಮ ದಸರಾ ಗೊಂಬೆ ಕೂರಿಸುವಾಗ ಪಾರ್ಕು, ಬೆಟ್ಟಕ್ಕೆ ಮರದ ಹೊಟ್ಟಿಗೆ ಹಸಿರು ಬಣ್ಣ ಕಲಸಿ ಹುಲ್ಲು ಮಾಡ್ತಿದ್ದರು. ಹೊರದೇಶದ ಹಾಬಿ ಅಂಗಡಿಗಳು ಪ್ಯಾಕೆಟ್‌ನಲ್ಲಿ ಮಾರುವ ಹುಲ್ಲುಪುಡಿಗೂ ಇದಕ್ಕೂ ಅಂಥ ವ್ಯತ್ಯಾಸ ಏನಿಲ್ಲ. ಸಾ ಮಿಲ್ಲಿನಿಂದ ಒಂದು ಚೀಲ ತಂದು ಜರಡಿ ಹಿಡಿದು, ಪೋಸ್ಟರ್ ಕಲರ್ ಕಲಸಿ, ಪೇಪರ್ ಮೇಲೆ ಹರವಿ ಪೂರ್ತಿ ಒಣಗಿಸಿ. ಒಂದೇ ಬಣ್ಣ ಮಾಡಬೇಡಿ, ಮೂರು ಛಾಯೆ ಬೇಕು. ಕೋಟೆ ಬಿದ್ದದ್ದು ಮೇ 4ರಂದು, ಬೇಸಿಗೆ, ಅದಕ್ಕೆ ಹಸಿರು ಕಮ್ಮಿ, ಒಣಹುಲ್ಲಿನ ಹಳದಿ ಜಾಸ್ತಿ ಇರಲಿ. ಎತ್ತರದ ಹುಲ್ಲಿಗೆ ಹಳೇ ನಾರಿನ ಕಾಲೊರೆಸು ಕತ್ತರಿಸಿ ಅಂಟಿಸಿ.

ಕಾವೇರಿಗೂ ಅದೇ ಲೆಕ್ಕ. ಮಳೆಗೆ ಮುಂಚೆ ನೀರು ಕಡಿಮೆ, ಬಂಡೆ ಜಾಸ್ತಿ. ಸೈನಿಕರು ಹೊಳೆ ದಾಟಿಯೇ ಗೋಡೆ ಹತ್ತಿದ್ದು ಅಲ್ವಾ? ನೀಲಿ ಬಣ್ಣ ಮಾತ್ರ ಬೇಡ. ಹಾರ್ಡ್‌ಬೋರ್ಡಿಗೆ ಕಂದು ಹಸಿರು ಹೊಡೆದು, ಸಣ್ಣ ಕಲ್ಲು ಅಂಟಿಸಿ, ಮೇಲೆ ಹೊಳಪು ವಾರ್ನಿಷ್ ತೆಳ್ಳಗೆ ಮೂರು ಸಲ. ಪ್ರತಿ ಸಲ ಪೂರ್ತಿ ಒಣಗಲು ಬಿಡಿ.

ಪುಟ್ಟಿಕೈ:
ವಾಯವ್ಯ ಮೂಲೆಯ ಒಡಕಿಗೆ ಥರ್ಮೋಕೋಲನ್ನು ಕತ್ತರಿಸಬೇಡಿ, ಕೈಯಲ್ಲಿ ಮುರಿಯಿರಿ. ಕೆಳಗೆ ಎಂ ಸ್ಯಾಂಡ್‌ನ ದಪ್ಪ ಕಾಳು, ಪುಟ್ಟಿಯ ಚೂರು ಸುರಿದು ಇಳಿಜಾರು ಮಾಡಿ. ಹಸಿ ಇರುವಾಗಲೇ ನಾಲ್ಕಾರು ಸೈನಿಕರನ್ನು ನಿಲ್ಲಿಸಿ ನೋಡಿ. ನೋಡೋಕೆ ಎಷ್ಟೇ ಚೆನ್ನಾಗಿದ್ದರೂ ಸೈನಿಕರು ಜಾರಿ ಬೀಳ್ತಿದ್ದರೆ ಆಟ ಆಡೋಕಾಗಲ್ಲ. ಸೈನಿಕರ ಕಾಲಡಿಯ ಬೇಸ್ ಕೂರುವಷ್ಟು ಸಣ್ಣ ಸಣ್ಣ ಸಮತಟ್ಟು ಜಾಗ ಮಾಡಿ.

ಬುರುಜು72:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಕರಗಿದ ಗೋಡೆಯ ಒಂದು ತುಂಡಿಗೇ ಪುಟ್ಟಿ ಬಳಿದು ನೋಡಿದೆ. ಗೆರೆ ಸೊಗಸಾಗಿ ಬಿತ್ತು, ಆದರೆ ಬೆಳಿಗ್ಗೆ ನೋಡಿದರೆ ತುಂಡು ಬಿಲ್ಲಿನ ಥರ ಬಾಗಿದೆ. ಯಾಕೆ?

ಪುಟ್ಟಿಕೈ:
ಒಂದೇ ಕಡೆ ಬಳಿದಿದ್ದೀರಿ. ಒಣಗುವಾಗ ಪುಟ್ಟಿ ಎಳೆಯುತ್ತದೆ. ಹಿಂದಿನ ಕಡೆಗೂ ಅದನ್ನೇ ಬಳಿಯಿರಿ, ಆಮೇಲೆ ಎರಡು ತುದಿಗೂ ಪುಸ್ತಕ ಹೇರಿ ರಾತ್ರಿಯಿಡೀ ಬಿಡಿ.