‘ವಾರ್ ಸಿಮೆಟ್ರಿ’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಬೆಂಗಳೂರಿನ ಯುದ್ಧ ಸ್ಮಾರಕಗಳ ಬಗ್ಗೆ ಪುಟ್ಟ ಕೈಪಿಡಿ ಬರೀತಿದ್ದೇನೆ. ‘ವಾರ್ ಸಿಮೆಟ್ರಿ’ ಅನ್ನೋ ಕಡೆ ಬಂದು ಪೆನ್ನು ನಿಂತಿದೆ. ಮೊದಲು ‘ಯುದ್ಧ ಸ್ಮಶಾನ’ ಅಂತ ಬರೆದೆ. ಓದಿದರೆ ಯಾಕೋ ಮನಸ್ಸು ಒಪ್ಪಲಿಲ್ಲ.

ಸ್ಮಶಾನ ಅಂದರೆ ನಮ್ಮ ಮನೆಗಳಲ್ಲಿ ಹೋಗಿಬಂದ ಮೇಲೆ ಸ್ನಾನ ಮಾಡಬೇಕಾದ ಜಾಗ. ಚೆನ್ನೈನ ನಂದಂಬಾಕ್ಕಂನಲ್ಲಿರುವ ವಾರ್ ಸಿಮೆಟ್ರಿಗೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಗೇಟಿನ ಹತ್ತಿರವೇ ನಿಂತುಬಿಟ್ಟರು. ‘ಹೊತ್ತಲ್ಲದ ಹೊತ್ತಲ್ಲಿ ಇಲ್ಲಿಗ್ಯಾಕೋ?’ ಅಂದರು. ಒಳಗೆ ಕತ್ತರಿಸಿದ ಹುಲ್ಲು, ಕಲ್ಲುಗಳ ಬುಡದಲ್ಲಿ ಹೂಗಿಡ. ಒಂದೊಂದೇ ಕಲ್ಲಿನ ಮೇಲಿನ ವಯಸ್ಸು ನನ್ನ ಕೈಲಿ ಓದಿಸಿದರು. ಕೊನೆಗೆ ‘ಮಕ್ಕಳು ಕಣೋ, ಎಲ್ಲಾ ಮಕ್ಕಳು’ ಅಂತ ಸೆರಗಲ್ಲಿ ಕಣ್ಣೊರೆಸಿಕೊಂಡರು. ಆ ಜಾಗಕ್ಕೆ ‘ಸ್ಮಶಾನ’ ಅಂತ ಹೇಗೆ ಬರೀಲಿ?

ಅದನ್ನು ಮಾಡಿದ್ದು 1952ರಲ್ಲಿ. ಬೇರೆ ಬೇರೆ ಊರುಗಳಲ್ಲಿ ಚದುರಿದ್ದ ಎರಡನೇ ಮಹಾಯುದ್ಧದ ಸೈನಿಕರ ಸಮಾಧಿಗಳು ನೋಡಿಕೊಳ್ಳುವವರಿಲ್ಲದೆ ಹಾಳಾಗಬಾರದು ಅಂತ ಅಲ್ಲಿಗೆ ತಂದರು. ಅಧಿಕಾರಿಗೂ ಸಿಪಾಯಿಗೂ ಒಂದೇ ಅಳತೆಯ ಕಲ್ಲು. 1917ರಲ್ಲಿ ಶುರುವಾದ ಯುದ್ಧ ಸಮಾಧಿಗಳ ಆಯೋಗ ಮೊದಲಿಂದ ಪಾಲಿಸಿಕೊಂಡು ಬಂದ ನಿಯಮ ಅದು.

ಹಾಗಾದರೆ ‘ಯೋಧರ ಸಮಾಧಿ’ ಅನ್ನೋಣವೇ? ಇಲ್ಲೂ ಒಂದು ತೊಡಕಿದೆ. ನಾಗಾಲ್ಯಾಂಡಿನ ಕೊಹಿಮಾದ ವಾರ್ ಸಿಮೆಟ್ರಿಯಲ್ಲಿ 1,420 ಸಮಾಧಿಗಳಿವೆ. ಅದೇ ಆವರಣದಲ್ಲಿ, ದಹನ ಮಾಡಿದ 917 ಹಿಂದೂ, ಸಿಖ್ ಯೋಧರಿಗೆ ಬೇರೆ ಸ್ಮಾರಕವಿದೆ. ಅಲ್ಲಿರೋದು ಹೆಸರು ಮಾತ್ರ, ಮಣ್ಣಲ್ಲಿ ದೇಹ ಇಲ್ಲ. ‘ಗೋರಿ’ ಅಂದರಂತೂ ನಮ್ಮ ಕಿವಿಗೆ ಒಂದೇ ಧರ್ಮದವರದ್ದು ಅನಿಸುತ್ತೆ, ಗೋರಿಪಾಳ್ಯ ಅಂದ ಹಾಗೆ. ‘ರುದ್ರಭೂಮಿ’ಯೂ ಅಷ್ಟೇ.

ದೇಹ ಇಲ್ಲದೆ ಹೆಸರು ಮಾತ್ರ ಇದ್ದಾಗ ನಮ್ಮ ಹಿರಿಯರು ಬಳಸಿದ ಮಾತು ವೀರಗಲ್ಲು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ಸತ್ತ ವೀರನನ್ನು ಎತ್ತಿಕೊಂಡು ಹೋಗೋದು, ಮೇಲೆ ಲಿಂಗದ ಮುಂದೆ ಅವನು ಕೂತಿರೋದು. ‘ಬೆಂಗಳೂರು’ ಅನ್ನೋ ಹೆಸರು ಸಿಗೋ ಬೇಗೂರಿನ ಶಾಸನವೂ ಕಾಳಗದಲ್ಲಿ ಸತ್ತವನ ನೆನಪಿನ ಕಲ್ಲೇ, ಸುಮಾರು 890ರದ್ದು. ಸತ್ತವನ ಮನೆಯವರಿಗೆ ಕೊಡೋ ಭೂಮಿಗೆ ‘ನೆತ್ತರುಗೊಡಗೆ’ ಅಂತಿದ್ದರು. ಎಂಥ ಮಾತು ಅಲ್ವಾ! ಅರಮನೆ ರಸ್ತೆಯ ಸೈನಿಕ ಸ್ಮಾರಕದ 75 ಅಡಿ ಏಕಶಿಲೆಗೂ ವೀರಗಲ್ಲು ಅಂತಲೇ ಹೆಸರಿಟ್ಟಿದ್ದಾರೆ. 1918ರಲ್ಲಿ ಈಗಿನ ಇಸ್ರೇಲಿನ ಹೈಫಾದಲ್ಲಿ ಹೋರಾಡಿದ ಮೈಸೂರು ಲ್ಯಾನ್ಸರ್ಸ್ ಅನ್ನೋ ಕುದುರೆ ಪಡೆಯ ನೆನಪಿಗೆ ಜೆ.ಸಿ. ನಗರದಲ್ಲಿರುವ ಸ್ತಂಭಕ್ಕೂ ನಾನು ಕೈಪಿಡಿಯಲ್ಲಿ ವೀರಗಲ್ಲು ಅಂತಲೇ ಬರೆದಿದ್ದೇನೆ.

ಆದರೆ ದೇಹವೂ ಇದ್ದು, ಸಾಲುಸಾಲು ಕಲ್ಲೂ ಇದ್ದರೆ? ಸದ್ಯಕ್ಕೆ ‘ವೀರಗಲ್ಲುದೋಟ’ ಅಂತ ಬರೆದುಕೊಂಡಿದ್ದೇನೆ. ಕಿವಿಗೆ ಹಿತವಾಗಿದೆಯೇ, ಇಲ್ಲ ಎಳೆದು ತಂದ ಹಾಗಿದೆಯೇ? ನಿಮ್ಮ ಊರಲ್ಲಿ, ನಿಮ್ಮ ಮನೆಮಾತಲ್ಲಿ ಇಂಥ ಜಾಗಕ್ಕೆ ಬೇರೆ ಹೆಸರಿದ್ದರೆ ದಯವಿಟ್ಟು ತಿಳಿಸಿ.