ಕಡಲು ರಾತ್ರಿ ನೀಲಿಯಾಗಿ ಹೊಳೆಯುತ್ತಿರುವುದು ಕೈಗಾದ ವಿಕಿರಣದಿಂದಲಾ? ತಿಳಿದವರು ಬಿಡಿಸಿ ಹೇಳಿ

ಮಾಜಾಳಿಯವ

ಈ ವಾರ ಕಾರವಾರದ ಕಡೆ ಇರುವವರು ನೋಡಿಯೇ ಇರುತ್ತೀರಿ. ರಾತ್ರಿ ಅಲೆ ಒಡೆದಲ್ಲೆಲ್ಲ ನೀಲಿ ಬೆಳಕು. ಟಾಗೋರ್ ಬೀಚಿನಲ್ಲಿ ಊಟ ಮುಗಿಸಿ ಬಂದ ಜನ ಮೊಬೈಲ್ ಹಿಡಿದು ನಿಂತಿರುತ್ತಾರೆ. ನೋಡಲಿ, ಚೆಂದವೇ ಇದೆ. ಆದರೆ ಅದರ ಹಿಂದೆಯೇ ವಾಟ್ಸಾಪಿನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಕೈಗಾ ಅಣುಸ್ಥಾವರದಿಂದ ವಿಕಿರಣ ಸೋರಿ ಕಾಳಿ ನದಿಯಲ್ಲಿ ಇಳಿದು ಸಮುದ್ರ ಸೇರಿದೆ, ಒಂದು ತಿಂಗಳು ಮೀನು ಮುಟ್ಟಬೇಡಿ ಅಂತ. ಜೊತೆಗೆ ಎರಡು ಫೋಟೋ. ಒಂದರಲ್ಲಿ ಯಾವುದೋ ರಿಯಾಕ್ಟರಿನ ನೀರಿನ ಕೊಳ, ನೀಲಿಯಾಗಿ ಹೊಳೆಯುತ್ತಿದೆ. ಇನ್ನೊಂದು ನಮ್ಮ ಬೀಚು. ಬಣ್ಣ ನೋಡಿದರೆ ಎರಡೂ ಒಂದೇ ಥರ, ಹಾಗಾಗಿ ಜನ ನಂಬುತ್ತಿದ್ದಾರೆ.

ನನ್ನ ಅತ್ತೆ ಮೀನು ಮಾರಿ ಬದುಕುವವರು. ಖಾಯಂ ಗಿರಾಕಿಗಳೇ ಬುಟ್ಟಿ ನೋಡಿ ಮುಂದೆ ಹೋಗುತ್ತಿದ್ದಾರೆ. ಬಂಗಡೆಯನ್ನು ಅರ್ಧ ರೇಟಿಗೆ ಕೊಡುತ್ತೇನೆ ಅಂದರೂ ಬೇಡವಂತೆ. ನನಗೆ ಸಿಟ್ಟು ಬಂದಿರುವುದು ಅದಕ್ಕೇ.

ಆ ಕೊಳದ ಫೋಟೋ ನಿಜವಾ? ನಿಜ ಆಗಿದ್ದರೆ ಅದು ಹೊಳೆಯುವುದು ಯಾಕೆ, ನಮ್ಮ ಸಮುದ್ರ ಹೊಳೆಯುವುದು ಯಾಕೆ? ಮೀನು ತಿನ್ನಬಹುದಾ? ದಯವಿಟ್ಟು "ಅದೆಲ್ಲ ಸುಳ್ಳು, ತಲೆ ಕೆಡಿಸಿಕೊಳ್ಳಬೇಡಿ" ಅಂತ ಮಾತ್ರ ಬರೆಯಬೇಡಿ. ಅತ್ತೆ ಗಿರಾಕಿಯ ಮುಖ ನೋಡಿ ಹೇಳುವಂಥ ಕಾರಣ ಬೇಕು.

ಅಂಕೋಲೆ ಫಿಸಿಕ್ಸ್ ಮಾಸ್ತರ್

ಕೊಳದ ಫೋಟೋ ನಿಜ ಇರಬಹುದು. ರಿಯಾಕ್ಟರಿನಲ್ಲಿ ಬಳಸಿದ ಇಂಧನವನ್ನು ನೀರಿನಲ್ಲಿ ಇಟ್ಟಾಗ ಅಂಥ ನೀಲಿ ಬೆಳಕು ಬರುತ್ತದೆ. ಅದಕ್ಕೆ ಚೆರೆಂಕೋವ್ ಬೆಳಕು ಎನ್ನುತ್ತಾರೆ. ರಷ್ಯಾದ ಪಾವೆಲ್ ಚೆರೆಂಕೋವ್ 1934ರಲ್ಲಿ ಇದನ್ನು ಗುರುತಿಸಿದರು, 1958ರಲ್ಲಿ ಅದಕ್ಕೆ ನೊಬೆಲ್ ಬಂತು.

ಕಾರಣ ಹೀಗೆ. ನೀರಿನೊಳಗೆ ಬೆಳಕಿನ ವೇಗ ಕಡಿಮೆಯಾಗುತ್ತದೆ, ಹೊರಗಿನ ವೇಗದ ಮುಕ್ಕಾಲು ಭಾಗದಷ್ಟೇ ಉಳಿಯುತ್ತದೆ. ಇಂಧನದ ವಿಕಿರಣದಿಂದ ಚಿಮ್ಮಿದ ಎಲೆಕ್ಟ್ರಾನುಗಳು ನೀರಿನೊಳಗೆ ಆ ಬೆಳಕನ್ನೂ ಹಿಂದೆ ಹಾಕಿ ಓಡಿದರೆ ಈ ನೀಲಿ ಹೊಳಪು ಹುಟ್ಟುತ್ತದೆ. ಅಷ್ಟು ವೇಗ ಬರಬೇಕು ಅಂದರೆ ಎಲೆಕ್ಟ್ರಾನಿಗೆ ಸುಮಾರು 2 ಲಕ್ಷ 60 ಸಾವಿರ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಇರಬೇಕು. ಈ ಸಂಖ್ಯೆ ನೆನಪಿಟ್ಟುಕೊಳ್ಳಿ.

ಕೈಗಾದಲ್ಲಿ ಇರುವುದು ಭಾರಜಲದ (ಭಾರದ ಹೈಡ್ರೋಜನ್ ಇರುವ ನೀರು) ರಿಯಾಕ್ಟರುಗಳು, 220 ಮೆಗಾವಾಟಿನವು ನಾಲ್ಕು. ಭಾರಜಲದ ಸ್ಥಾವರದಿಂದ ನೀರಿಗೆ ಏನಾದರೂ ಸೇರುತ್ತದೆ ಅಂದರೆ ಮೊದಲು ಕೇಳಬೇಕಾದ ಹೆಸರು ಟ್ರಿಟಿಯಂ, ಅಂದರೆ ವಿಕಿರಣ ಸೂಸುವ ಒಂದು ಬಗೆಯ ಹೈಡ್ರೋಜನ್. ಟ್ರಿಟಿಯಂನಿಂದ ಹೊರಡುವ ಎಲೆಕ್ಟ್ರಾನಿನ ಶಕ್ತಿ ಎಷ್ಟು ಗೊತ್ತಾ? ಅತಿ ಹೆಚ್ಚು ಅಂದರೂ 18,600 ಎಲೆಕ್ಟ್ರಾನ್ ವೋಲ್ಟ್. ಬೇಕಾದದ್ದರ ಹತ್ತನೇ ಒಂದು ಭಾಗವೂ ಇಲ್ಲ. ಅಂದರೆ ಕಾಳಿ ನದಿಗೆ ಎಷ್ಟೇ ಟ್ರಿಟಿಯಂ ಸುರಿದರೂ ನೀರು ಈ ಥರ ಹೊಳೆಯುವುದಿಲ್ಲ. ಹೊಳಪಿಗೂ ಅದಕ್ಕೂ ಸಂಬಂಧ ಕಟ್ಟಲು ಆಗುವುದೇ ಇಲ್ಲ. ಬೇರೆ ವಿಕಿರಣ ವಸ್ತು ಸೇರಿ, ಮೈಲುಗಟ್ಟಲೆ ಕಡಲು ಕಣ್ಣಿಗೆ ಕಾಣುವಷ್ಟು ಹೊಳೆಯಬೇಕು ಅಂದರೆ ದಡದಲ್ಲಿ ನಿಂತು ವಿಡಿಯೋ ಮಾಡುತ್ತಿರುವವರು ಅಲ್ಲೇ ಕುಸಿದು ಬೀಳುವಷ್ಟು ವಿಕಿರಣ ಇರಬೇಕು.

ಇನ್ನೂ ಒಂದು ಮಾತು. ಕೊಳದ ಬೆಳಕು ನೀರು ಅಲುಗಾಡದಿದ್ದರೂ ಇರುತ್ತದೆ. ನಮ್ಮ ಸಮುದ್ರ ಹೊಳೆಯುವುದು ಅಲೆ ಒಡೆದಾಗ, ಕಾಲು ಆಡಿಸಿದಾಗ ಮಾತ್ರ. ಇದನ್ನು ಯಾರು ಬೇಕಾದರೂ ಇವತ್ತು ರಾತ್ರಿಯೇ ನೋಡಿಕೊಳ್ಳಬಹುದು, ಯಂತ್ರ ಬೇಕಾಗಿಲ್ಲ.

ಸದಾಶಿವಗಡದ ಹುಡುಗ

ಮಾಸ್ತರ್ರೇ, ಸೂಪರ್. ಇಂಥ ಮೆಸೇಜ್ ಕಳಿಸುವವರಿಗೆ ಒಂದು ಮಾತು ಹೇಳಬೇಕು. ನಮ್ಮ ಕೈಗಾದ ಒಂದನೇ ಘಟಕ 2016ರ ಮೇಯಲ್ಲಿ ಶುರುವಾಗಿ 2018ರ ಡಿಸೆಂಬರ್ 31ರವರೆಗೆ 962 ದಿನ ಒಂದೇ ಸಮ ನಡೆಯಿತು. ಆಗ ಅದು ವಿಶ್ವದಾಖಲೆ. ಇಂಗ್ಲೆಂಡಿನ ಹೇಶಮ್ ಸ್ಥಾವರದ ದಾಖಲೆ ಮುರಿಯಿತು. ಇಂಥದ್ದು ನಮ್ಮ ಜಿಲ್ಲೆಯಲ್ಲಿದೆ ಅಂತ ಹೆಮ್ಮೆಪಡುವ ಬದಲು ಸುಮ್ನೆ ಕೆಸರು ಎರಚುತ್ತಾರೆ.

ಘಟ್ಟದ ಮೇಲಿನವ, ಶಿರಸಿ

ತಮ್ಮಾ, 962 ದಿನ ನಿಲ್ಲದೆ ನಡೆಯಿತು ಅನ್ನುವುದು ಇಂಧನ ಬದಲಿಸುವ ಯಂತ್ರದ ಗುಣ, ಕೆಲಸಗಾರರ ಶ್ರಮ. ಭಾರಜಲದ ರಿಯಾಕ್ಟರಿನಲ್ಲಿ ನಡೆಯುತ್ತಿರುವಾಗಲೇ ಇಂಧನ ಬದಲಿಸಬಹುದು, ಅದಕ್ಕೆ ಅಷ್ಟು ದಿನ ಸಾಧ್ಯವಾಯಿತು. ಅದು ದೊಡ್ಡದೇ. ಆಮೇಲೆ ಕೆನಡಾದ ಡಾರ್ಲಿಂಗ್ಟನ್ 1,106 ದಿನ ಓಡಿ ಅದನ್ನೂ ಮುರಿಯಿತು. ಆದರೆ ಎಷ್ಟು ದಿನ ಓಡಿತು ಅನ್ನುವುದು ನೀರಿಗೆ ಏನು ಸೇರಿತು ಅನ್ನುವ ಪ್ರಶ್ನೆಗೆ ಉತ್ತರ ಅಲ್ಲ.

ಮಾಸ್ತರ್ರ ಭೌತಶಾಸ್ತ್ರಕ್ಕೆ ನನ್ನ ತಕರಾರಿಲ್ಲ. ಹೊಳಪು ಕೈಗಾದ್ದಲ್ಲ, ಒಪ್ಪಿದೆ. ನನ್ನ ತಕರಾರು ಬೇರೆ. ಈ ಚರ್ಚೆ ಪ್ರತಿ ಸಲ ಒಂದೇ ದಾರಿ ಹಿಡಿಯುತ್ತದೆ. ಜನ ಹೆದರುತ್ತಾರೆ, ಓದಿದವರು ಬಂದು ವಿಜ್ಞಾನ ಹೇಳುತ್ತಾರೆ, ಕೊನೆಗೆ ಹೆದರಿದವರೇ ದಡ್ಡರು ಅನ್ನುವಲ್ಲಿಗೆ ಮುಗಿಯುತ್ತದೆ. ನಮ್ಮ ಜಿಲ್ಲೆಯ ಜನ ಹೆದರಲು ಕಾರಣ ಇದೆ. ಶಿವರಾಮ ಕಾರಂತರಂಥವರು ಬೀದಿಗಿಳಿದು ಈ ಸ್ಥಾವರ ಬೇಡ ಅಂದಿದ್ದರು. 1994ರಲ್ಲಿ ಕಟ್ಟುತ್ತಿದ್ದ ರಿಯಾಕ್ಟರಿನ ಗುಮ್ಮಟದ ಒಳಪದರವೇ ಕಳಚಿ ಬಿತ್ತು. 2009ರ ನವೆಂಬರಿನಲ್ಲಿ ಕೆಲಸಗಾರರು ಕುಡಿಯುವ ನೀರಿನ ಕೂಲರಿನಲ್ಲಿ ಟ್ರಿಟಿಯಂ ಸಿಕ್ಕಿತು, ಒಳಗಿನವರೇ ಯಾರೋ ಬೇಕಂತಲೇ ಹಾಕಿದ್ದು ಎಂದು ಅಧಿಕಾರಿಗಳು ಹೇಳಿದರು. ಇದು ಯಾವುದೂ ವಾಟ್ಸಾಪಿನ ಕತೆಯಲ್ಲ.

ಕೈಗಾದ ಪಕ್ಕದ ಕದ್ರಾ ಜಲಾಶಯದ ನೀರಿನಲ್ಲಿ ಟ್ರಿಟಿಯಂ ಎಷ್ಟಿದೆ, ಮೀನಿನಲ್ಲಿ ಎಷ್ಟಿದೆ ಅಂತ ಪ್ರತಿ ತಿಂಗಳು ಕನ್ನಡದಲ್ಲಿ ಬರೆದು ಪಂಚಾಯಿತಿ ಬೋರ್ಡಿಗೆ ಹಚ್ಚಲಿ. ಹಾಗೆ ಮಾಡಿದರೆ ಇಂಥ ಮೆಸೇಜಿಗೆ ಕಾಲು ಬರುವುದಿಲ್ಲ.

ಅಂಕೋಲೆ ಫಿಸಿಕ್ಸ್ ಮಾಸ್ತರ್

ಬೋರ್ಡಿಗೆ ಹಚ್ಚಬೇಕು ಅನ್ನುವುದಕ್ಕೆ ನನ್ನದೂ ಒಂದು ಸಹಿ ಹಾಕಿಕೊಳ್ಳಿ. ಆದರೆ ನೀವು ಹೇಳಿದ 2009ರ ಘಟನೆಯನ್ನೇ ಸ್ವಲ್ಪ ನೋಡಿ. ಆ ಟ್ರಿಟಿಯಂ ಹೇಗೆ ಗೊತ್ತಾಯಿತು? ಕೂಲರ್ ಹೊಳೆಯಲಿಲ್ಲ, ನೀರಿನ ರುಚಿಯೂ ಬದಲಾಗಲಿಲ್ಲ. ಕೆಲಸಗಾರರ ಮೂತ್ರವನ್ನು ಆಗಾಗ ಪರೀಕ್ಷೆ ಮಾಡುತ್ತಾರಲ್ಲ, ಅದರಲ್ಲಿ ಸಿಕ್ಕಿದ್ದು. ವಿಕಿರಣ ಕಣ್ಣಿಗೆ ಕಾಣುತ್ತದೆ ಅನ್ನುವ ನಂಬಿಕೆ ಎರಡೂ ಕಡೆ ಅಪಾಯ. ಹೊಳೆದಾಗ ಸುಮ್ನೆ ಹೆದರುತ್ತೇವೆ, ಹೊಳೆಯದಿದ್ದಾಗ ಏನೂ ಇಲ್ಲ ಅಂತ ನಿಶ್ಚಿಂತೆಯಾಗಿರುತ್ತೇವೆ. ಅಳೆದರೆ ಮಾತ್ರ ಗೊತ್ತಾಗುವ ವಸ್ತು ಅದು.

ಮತ್ತೆ, ಹೀಗೆ ಹೊಳೆಯುವುದು ಕಾರವಾರದಲ್ಲಿ ಮಾತ್ರ ಅಲ್ಲ. 2019ರ ಆಗಸ್ಟಿನಲ್ಲಿ ಚೆನ್ನೈ ಬೀಚುಗಳಲ್ಲಿ ಇದೇ ಆಯಿತು.

ಘಟ್ಟದ ಮೇಲಿನವ, ಶಿರಸಿ

ಮಾಸ್ತರ್ರೇ, ಚೆನ್ನೈ ಪಕ್ಕದಲ್ಲೇ ಕಲ್ಪಾಕ್ಕಂ ಇದೆ! ಅಲ್ಲೂ ಅಣುಸ್ಥಾವರ. ಈ ಉದಾಹರಣೆ ಕೊಟ್ಟರೆ ಮೆಸೇಜ್ ಬರೆದವನಿಗೆ ಇನ್ನೊಂದು ಸಾಕ್ಷಿ ಸಿಕ್ಕಿದ ಹಾಗೆ. ಬೇರೆ ಊರು ಹೇಳಿ.

ಕೋಡಿಬಾಗದ ಪ್ಲಾಂಕ್ಟನ್

ನಾನು ಹೇಳುತ್ತೇನೆ. ಮಾಲ್ಡೀವ್ಸ್. ಆ ದೇಶದಲ್ಲಿ ರಿಯಾಕ್ಟರೇ ಇಲ್ಲ, ಕಡಲು ಹೊಳೆಯುವುದನ್ನು ನೋಡಲೆಂದೇ ಜನ ಅಲ್ಲಿಗೆ ಹೋಗುತ್ತಾರೆ. ದೇಶ ಬೇಡ, ಕಾಲವನ್ನೇ ನೋಡಿ. ನಮ್ಮ ಕಡಲನ್ನು ಹೊಳೆಸುವ ಜೀವಿಗೆ ವಿಜ್ಞಾನಿಗಳು ಹೆಸರು ಕೊಟ್ಟು ದಾಖಲಿಸಿದ್ದು 1810ರಲ್ಲಿ. ಯುರೇನಿಯಂನಿಂದ ವಿಕಿರಣ ಹೊರಡುತ್ತದೆ ಅಂತ ಬೆಕೆರೆಲ್ ಕಂಡುಹಿಡಿದದ್ದು 1896ರಲ್ಲಿ. ಕೈಗಾ ವಿದ್ಯುತ್ ಕೊಡುತ್ತಿರುವುದು 2000ದಿಂದ. ಅತ್ತೆಯವರಿಗೆ ಇದೊಂದೇ ಸಾಕು, ಗಿರಾಕಿ ಬೇರೆ ಏನೂ ಕೇಳುವುದಿಲ್ಲ.

ಜೀವಿಯ ಹೆಸರು ನಾಕ್ಟಿಲುಕಾ. ಒಂದೇ ಕೋಶದ್ದು, ಆದರೂ ದೊಡ್ಡದು. ಬಾಟಲಿಯಲ್ಲಿ ನೀರು ತುಂಬಿ ಬೆಳಕಿಗೆ ಹಿಡಿದರೆ ಸಾಬಕ್ಕಿಯ ಪುಡಿಯ ಥರ ತೇಲುವುದು ಬರಿಗಣ್ಣಿಗೂ ಕಾಣಬಹುದು. ನೀರು ಅಲುಗಿದರೆ ಕೋಶದ ಒಳಗೆ ಒಂದು ವಿದ್ಯುತ್ ಸಂಕೇತ ಹರಿದು, ಅಲ್ಲಿರುವ ಪುಟ್ಟ ಚೀಲಗಳಿಗೆ ಆಮ್ಲ ಸೇರಿ, ಲೂಸಿಫೆರಿನ್ ಅನ್ನುವ ವಸ್ತು ಉರಿದು ಬೆಳಕು ಬರುತ್ತದೆ. ಒಂದು ಮಿಂಚು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟೂ ಇರುವುದಿಲ್ಲ. ಲಕ್ಷಗಟ್ಟಲೆ ಒಟ್ಟಿಗೆ ಮಿಂಚುವುದರಿಂದ ಅಲೆಯೇ ಹೊತ್ತಿಕೊಂಡ ಹಾಗೆ ಕಾಣುತ್ತದೆ. ಮಿಂಚುಹುಳದಲ್ಲೂ ಲೂಸಿಫೆರಿನ್ ಇದೆ, ರಾಸಾಯನಿಕ ಬೇರೆ ಬಗೆಯದು. ತನ್ನನ್ನು ತಿನ್ನಲು ಬಂದ ಸಣ್ಣ ಪ್ರಾಣಿಯನ್ನು ಬೆಚ್ಚಿಬೀಳಿಸಲು ಈ ಬೆಳಕು ಅನ್ನುತ್ತಾರೆ.

ಆದರೆ ಇಲ್ಲಿಗೆ ನಿಲ್ಲಿಸಿ "ಎಷ್ಟು ಚೆಂದ" ಅಂದು ಹೋಗಲು ನನಗೆ ಮನಸ್ಸಿಲ್ಲ. ಹಗಲು ಹೊತ್ತು ಅದೇ ನೀರನ್ನು ನೋಡಿ, ಹಸಿರಾಗಿಯೋ ಕೆಂಪಾಗಿಯೋ ಇರುತ್ತದೆ. ಅರಬ್ಬೀ ಸಮುದ್ರದ ಉತ್ತರ ಭಾಗದಲ್ಲಿ ಚಳಿಗಾಲದಲ್ಲಿ ಹಸಿರು ಬಗೆಯದು ಒಮಾನ್ ಕಡೆಯಿಂದ ನಮ್ಮ ಕಡೆಯವರೆಗೂ ಹಬ್ಬುತ್ತದೆ. ಇದು ಮೀನಿನ ಆಹಾರದ ಸರಪಳಿಯ ಬುಡದಲ್ಲಿರುವ ಡಯಾಟಮ್ ಎಂಬ ಪಾಚಿಯನ್ನು ತಿಂದು ಹಾಕುತ್ತದೆ. ಇದನ್ನು ತಿನ್ನುವುದು ಹೆಚ್ಚಾಗಿ ಜೆಲ್ಲಿಫಿಶ್ ಮತ್ತು ಸಾಲ್ಪ್ ಎಂಬ ಲೋಳೆ ಮೈಯ ಪಾರದರ್ಶಕ ಕಡಲ ಜೀವಿಗಳು. ಹಾಗಾಗಿ ನಾವು ತಿನ್ನುವ ಮೀನಿಗೆ ಹೋಗಬೇಕಾದದ್ದು ಬೇರೆ ದಾರಿ ಹಿಡಿಯುತ್ತದೆ. ಮೈಯಲ್ಲಿ ಅಮೋನಿಯಾ ಸೇರಿಸಿಟ್ಟುಕೊಳ್ಳುತ್ತದೆ, ರಾಶಿಯಾಗಿ ಸತ್ತು ಕೊಳೆತಾಗ ನೀರಿನ ಆಮ್ಲಜನಕ ಕಡಿಮೆಯಾಗುತ್ತದೆ. ಚರಂಡಿ ನೀರು ಕಡಲಿಗೆ ಬಿಟ್ಟರೆ ಇಂಥ ಪ್ಲಾಂಕ್ಟನ್‌ಗಳಿಗೆ (ನೀರಿನಲ್ಲಿ ತೇಲುವ ಸಣ್ಣ ಜೀವಿಗಳಿಗೆ) ಗೊಬ್ಬರ ಹಾಕಿದ ಹಾಗೇ. ನನ್ನ ಚಿಂತೆ ಇದು.

ಮೀನು ತಿನ್ನಬಹುದಾ ಅಂತ ಕೇಳಿದಿರಿ. ಬೇರೆ ಕೆಲವು ಕಡಲ ಪಾಚಿಗಳು ಮನುಷ್ಯರಿಗೆ ವಿಷ ಆಗುತ್ತವೆ. ನಾಕ್ಟಿಲುಕಾ ಅಂಥ ವಿಷ ಮಾಡುತ್ತದೆ ಅಂತ ಕಂಡುಬಂದಿಲ್ಲ. ಜೀವಂತ ಹಿಡಿದ, ತಾಜಾ ಬಂಗಡೆಯನ್ನು ತಿನ್ನಿ. ದಡಕ್ಕೆ ಸತ್ತು ಬಂದು ಬಿದ್ದ ಮೀನನ್ನು ಮಾತ್ರ ಯಾವ ಕಾಲದಲ್ಲೂ ಹೆಕ್ಕಬೇಡಿ.

ಬೈತಖೋಲದ ತಾಂಡೇಲ

ತಂಗಿ ಹೇಳಿದ್ದು ಸರಿ. ನಾವು ಈ ಬೆಳಕನ್ನು ಚಿಕ್ಕಂದಿನಿಂದ ನೋಡಿದವರು. ದಡದಿಂದ ಎಳೆಯುವ ದೊಡ್ಡ ಬಲೆ, ರಂಪಣಿಯ ಕಾಲದಲ್ಲಿ ನಮ್ಮ ಅಜ್ಜಂದಿರಿಗೆ ಇದೇ ದಾರಿ ತೋರಿಸುವುದು. ಅಮಾವಾಸ್ಯೆಯ ಆಸುಪಾಸು ದೋಣಿಯಲ್ಲಿ ದೀಪ ಆರಿಸಿ ಕೂತರೆ ಕೆಳಗೆ ತಾರ್ಲೆ, ಬಂಗಡೆಯ ಹಿಂಡು ಹೋದ ಕಡೆ ನೀರು ಬೆಳಗುತ್ತದೆ. ಹಿಂಡು ಎಷ್ಟು ದೊಡ್ಡದು, ಯಾವ ಕಡೆ ತಿರುಗುತ್ತದೆ ಅಂತ ಆ ಬೆಳಕಿನಲ್ಲೇ ಅಂದಾಜು ಮಾಡಿ ಬಲೆ ಬಿಡುತ್ತಿದ್ದರು. ಊರೆಲ್ಲ ಸೇರಿ ಹಗ್ಗ ಎಳೆಯುವುದು. ಆಗ ಯಾವ ಕೈಗಾ ಇತ್ತು? 70ರ ದಶಕದ ಕೊನೆಯಲ್ಲಿ ಹಿಂಡನ್ನೇ ಸುತ್ತುವರಿದು ಬಲೆ ಹಾಕುವ ಪರ್ಸೀನ್ ಬೋಟು ಬಂದ ಮೇಲೆ ರಂಪಣಿ ಹೋಯಿತು, ಆಮೇಲೆ ಫಿಶ್ ಫೈಂಡರ್ ಬಂತು. ಈಗಿನ ಹುಡುಗರು ಪರದೆ ನೋಡುತ್ತಾರೆ, ನೀರು ನೋಡುವುದಿಲ್ಲ. ಅದಕ್ಕೇ ಕಡಲು ಹೊಳೆದರೆ ಹೊಸದು ಅನ್ನಿಸುತ್ತದೆ.

ಆದರೆ ಹಿಂದೆ ಇಷ್ಟು ದಟ್ಟ ಇರಲಿಲ್ಲ, ಅದು ನನ್ನ ಅನಿಸಿಕೆ. ಅಲ್ಲೊಂದು ಇಲ್ಲೊಂದು ಕಿಡಿ. ಈಗ ಹಗಲು ಹಸಿರು ನೀರು ಬಂದ ಕಡೆ ಬಲೆ ಬಿಟ್ಟರೆ ಮೀನಿಗಿಂತ ಜೆಲ್ಲಿಫಿಶ್ ಜಾಸ್ತಿ. ಬಲೆ ತೊಳೆಯುವುದರಲ್ಲೇ ದಿನ ಹೋಗುತ್ತದೆ, ಕೈಯೆಲ್ಲ ಉರಿ. ಡೀಸೆಲ್ ಖರ್ಚೂ ಹುಟ್ಟುವುದಿಲ್ಲ. ಇದರ ಬಗ್ಗೆ ಯಾರೂ ಮೆಸೇಜ್ ಮಾಡುವುದಿಲ್ಲ ನೋಡಿ.

ಸದಾಶಿವಗಡದ ಹುಡುಗ

ಅಣ್ಣಾ, ಇದು ನಿಜಕ್ಕೂ ಗೊತ್ತಿರಲಿಲ್ಲ. ಆ ಹಸಿರು ನೀರು ಎಲ್ಲಿದೆ ಅಂತ ಉಪಗ್ರಹದಿಂದ ಗೊತ್ತಾಗುವುದಿಲ್ಲವಾ? ಇಸ್ರೋದ ಓಷನ್‌ಸ್ಯಾಟ್ ಕಡಲಿನ ಬಣ್ಣ ನೋಡಲೆಂದೇ ಇರುವುದಲ್ವಾ?

ಕೋಡಿಬಾಗದ ಪ್ಲಾಂಕ್ಟನ್

ಗೊತ್ತಾಗುತ್ತದೆ. 1999ರಿಂದ ಓಷನ್‌ಸ್ಯಾಟ್ ಸರಣಿ ಇದೆ, ಮೂರನೆಯದು 2022ರ ನವೆಂಬರಿನಲ್ಲಿ ಹೋಯಿತು. ನೀರಿನ ಬಣ್ಣದಿಂದ ಪಾಚಿ ಎಷ್ಟಿದೆ ಎಂದು ಲೆಕ್ಕ ಹಾಕುತ್ತಾರೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಮೀನು ಸಿಗುವ ಜಾಗದ ಸೂಚನೆ ಕೊಡುವುದೂ ಇಂಥ ಮಾಹಿತಿಯಿಂದಲೇ. ಆದರೆ ಮೋಡ ಇದ್ದರೆ ಬಣ್ಣ ಕಾಣುವುದಿಲ್ಲ. ದಡದ ಹತ್ತಿರ ಕೆಸರು ನೀರು ಸೇರಿದಲ್ಲಿ ಲೆಕ್ಕ ತಪ್ಪುವುದೂ ಉಂಟು. ಅದಕ್ಕೆ ಕಡಲಿಗೆ ಹೋಗುವವರ ಕಣ್ಣು ಬೇಕೇ ಬೇಕು.

ಘಟ್ಟದ ಮೇಲಿನವ, ಶಿರಸಿ

ಹಾಗಾದರೆ ನಾನು ಹೇಳಿದ ಬೋರ್ಡಿಗೆ ಇನ್ನೂ ಎರಡು ಸಾಲು ಸೇರಿಸಿ. ಕಾರವಾರದ ಚರಂಡಿ ನೀರು ಎಷ್ಟು ಶುದ್ಧವಾಗಿ ಕಡಲಿಗೆ ಹೋಗುತ್ತದೆ, ದಡದ ನೀರಿನಲ್ಲಿ ಆಮ್ಲಜನಕ ಎಷ್ಟಿದೆ. ಟ್ರಿಟಿಯಂ ಕೇಳುವುದನ್ನಂತೂ ನಾನು ಬಿಡುವುದಿಲ್ಲ, ಮಾಸ್ತರ್ರು ಸಹಿ ಹಾಕುತ್ತೇನೆ ಅಂದಿದ್ದಾರೆ.

ಅಂಕೋಲೆ ಫಿಸಿಕ್ಸ್ ಮಾಸ್ತರ್

ಅರ್ಜಿ ಬರೆದು ಕಳಿಸಿ, ಹಾಕುತ್ತೇನೆ. ಮೀನುಗಾರರ ಸಂಘದವರ ಸಹಿಯೂ ಇರಲಿ, ಆಗ ತೂಕ ಬರುತ್ತದೆ.

ಬೈತಖೋಲದ ತಾಂಡೇಲ

ಅದು ನಾನು ನೋಡಿಕೊಳ್ಳುತ್ತೇನೆ. ತಂಗಿ, ನಾಳೆ ನಸುಕಿಗೆ ಬೋಟು ಹೋಗುತ್ತದೆ. ಹಸಿರು ನೀರು ಸಿಕ್ಕರೆ ತುಂಬಿಕೊಂಡು ಬರಲಾ? ಹೇಗೆ ತರಬೇಕು?

ಕೋಡಿಬಾಗದ ಪ್ಲಾಂಕ್ಟನ್

ಖಂಡಿತ ತನ್ನಿ ಅಣ್ಣಾ. ಬಾಯಿ ಅಗಲ ಇರುವ ಬಾಟಲಿ ಇರಲಿ, ಪೂರ್ತಿ ತುಂಬಬೇಡಿ, ಮೇಲೆ ಸ್ವಲ್ಪ ಗಾಳಿಗೆ ಜಾಗ ಬಿಡಿ. ಬಿಸಿಲಿಗೆ ಇಡಬೇಡಿ, ಐಸಿನ ಪೆಟ್ಟಿಗೆಯಲ್ಲೂ ಬೇಡ. ಒದ್ದೆ ಗೋಣಿ ಸುತ್ತಿ ನೆರಳಿನಲ್ಲಿಟ್ಟರೆ ಸಾಕು. ಎಲ್ಲಿ ತುಂಬಿದಿರಿ ಅಂತ ಜಿಪಿಎಸ್ಸಿನಲ್ಲಿ ನೋಡಿ ಬಾಟಲಿಯ ಮೇಲೆ ಬರೆಯಿರಿ, ಹೊತ್ತನ್ನೂ ಬರೆಯಿರಿ. ಜೆಲ್ಲಿಫಿಶ್ ಎಷ್ಟು ಬುಟ್ಟಿ ಬಂತು ಅನ್ನುವುದನ್ನು ಮರೆಯದೆ ಹೇಳಿ. ನಾನು ಬಂದರಿಗೇ ಬರುತ್ತೇನೆ.