ಅಪ್ಪನ ಲೋ ಡೋಸ್ ಸಿಟಿ ಫಿಲ್ಮ್ ರವೆ ರವೆ ಕಾಣುತ್ತಿದೆ, ಮತ್ತೆ ಮಾಡಿಸಬೇಕಾ?

ಬೆಟಗೇರಿಯವ:
ಅಪ್ಪನಿಗೆ 68. ಗದಗಿನಲ್ಲಿ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ದುಡಿದವರು, ಬೀಡಿಯೂ ಇತ್ತು. ಕೆಮ್ಮು ಬಿಡಲಿಲ್ಲ ಅಂತ ಎದೆ ಸಿಟಿ ಮಾಡಿಸಿದಾಗ ಬಲಗಡೆ ಶ್ವಾಸಕೋಶದಲ್ಲಿ 7 ಮಿಮೀ ಗಂಟು ಇದೆ ಎಂದು ಬಂತು. 6 ತಿಂಗಳು ಬಿಟ್ಟು ಮತ್ತೆ ನೋಡೋಣ, ಲೋ ಡೋಸ್ ಸಾಕು ಅಂದರು ಡಾಕ್ಟರ್. ಈಗ ಮಾಡಿಸಿದ್ದೇವೆ. ಹಳೆ ಫಿಲ್ಮ್ ನುಣ್ಣಗಿತ್ತು. ಇದರಲ್ಲಿ ಹೃದಯದ ಸುತ್ತಮುತ್ತ ಎಲ್ಲಾ ರವೆ ಚೆಲ್ಲಿದ ಹಾಗಿದೆ. ರಿಪೋರ್ಟಿನಲ್ಲಿ ಗಂಟು 6 ಮಿಮೀ ಅಂತಿದೆ. ಈ ರವೆಯಲ್ಲಿ ಅಳತೆ ಸರಿ ಸಿಗುತ್ತಾ? ಮಷೀನೇ ಸರಿಯಿಲ್ಲ, ಹುಬ್ಬಳ್ಳಿಗೆ ಹೋಗಿ ಫುಲ್ ಡೋಸ್ ಮಾಡಿಸು ಅಂತ ಮಾವನ ಹಟ.

ಬ್ಯಾಡಗಿ ಕೆಂಪು:
ಮಾವ ಹೇಳಿದ್ದೇ ಸರಿ. ರೊಕ್ಕ ಕೊಟ್ಟ ಮೇಲೆ ಚಿತ್ರ ಸ್ವಚ್ಛ ಬರಬೇಕು ಅಲ್ವಾ?

ಸಿಟಿ ರೂಮಿನವ, ಹುಬ್ಬಳ್ಳಿ:
ಬ್ಯಾಡಗಿಯವರೇ, ಸ್ವಲ್ಪ ತಡೀರಿ. ನಾನು ದಿನಾ ಕೂರುವುದೇ ಸಿಟಿ ಕನ್ಸೋಲ್ ಮುಂದೆ.

ಲೋ ಡೋಸ್ ಅಂದರೆ ರವೆ ಬಂದೇ ಬರುತ್ತದೆ. ಕಿರಣ ಕಡಿಮೆ ಬಿಟ್ಟಿದ್ದೇವೆ, ಡಿಟೆಕ್ಟರಿಗೆ ಮುಟ್ಟುವುದೂ ಕಡಿಮೆ. ಆದರೆ ಡೋಸ್ ಕಾಲು ಭಾಗಕ್ಕೆ ಇಳಿದರೆ ರವೆ ನಾಲ್ಕು ಪಟ್ಟಾಗುವುದಿಲ್ಲ, ಎರಡು ಪಟ್ಟಾಗುತ್ತದೆ. ಎದೆಗೆ ಅಷ್ಟು ನಡೆಯುತ್ತದೆ. ಯಾಕೆ ಅಂದರೆ ಸಿಟಿ ಲೆಕ್ಕದಲ್ಲಿ ನೀರು 0, ಗಾಳಿ ಮೈನಸ್ 1000. ಗಾಳಿ ತುಂಬಿದ ಶ್ವಾಸಕೋಶ ಮೈನಸ್ 850ರ ಆಸುಪಾಸು, ಗಟ್ಟಿ ಗಂಟು 0ಗಿಂತ ಸ್ವಲ್ಪ ಮೇಲೆ. ನಡುವೆ ನೂರಾರು ಅಂಕಿ ಅಂತರ. ರವೆಯ ಏರಿಳಿತ ಹತ್ತಿಪ್ಪತ್ತು ಜಾಸ್ತಿಯಾದರೂ ಗಂಟು ಮುಚ್ಚಿಹೋಗುವುದಿಲ್ಲ. ಲಿವರಿನಲ್ಲಿ ಹೀಗಲ್ಲ. ಅಲ್ಲಿ ಗಡ್ಡೆಗೂ ಲಿವರಿಗೂ ಅಂತರವೇ ಕೆಲವು ಹತ್ತು ಅಂಕಿ, ಅದಕ್ಕೇ ಹೊಟ್ಟೆಗೆ ಡೋಸ್ ಇಷ್ಟು ಇಳಿಸುವುದಿಲ್ಲ.

ನೀವು ನೋಡಿದ್ದು ಹೃದಯದ ಸುತ್ತ. ಅದು ಮೀಡಿಯಾಸ್ಟೈನಲ್ ವಿಂಡೋ, ಅಂದರೆ ಮೆತ್ತನೆ ಭಾಗ ಕಾಣಲಿ ಅಂತ ಕಪ್ಪು ಬಿಳುಪಿನ ಅಂತರ ಹಿಗ್ಗಿಸಿದ ಚಿತ್ರ, ರವೆ ಎದ್ದು ಕಾಣುವ ಜಾಗ. ಅದನ್ನು 1 ಮಿಮೀ ಸ್ಲೈಸಿನಲ್ಲೇ, ಅಂದರೆ ಅಷ್ಟು ತೆಳು ಪದರದಲ್ಲೇ ಪ್ರಿಂಟ್ ಹಾಕಿದ್ದರೆ ಇನ್ನೂ ಕೆಟ್ಟದಾಗಿರುತ್ತದೆ. 3 ಅಥವಾ 5 ಮಿಮೀ ಹಾಕಬೇಕಿತ್ತು, ಅವಸರದಲ್ಲಿ ಬಿಟ್ಟಿರಬಹುದು. ಫಿಲ್ಮ್ ಬಿಡಿ, ಸಿಡಿಯಲ್ಲಿ ಲಂಗ್ ವಿಂಡೋ, ಅಂದರೆ ಶ್ವಾಸಕೋಶಕ್ಕೆ ಹೊಂದಿಸಿದ ಚಿತ್ರ ತೆರೆದು ನೋಡಿ.

ನಿಜವಾಗಿ ಕೆಟ್ಟ ಸ್ಕ್ಯಾನ್ ಬೇರೆ. ಉಸಿರು ಬಿಟ್ಟಿದ್ದರೆ ರಕ್ತನಾಳದ ಅಂಚು ಎರಡೆರಡು ಕಾಣುತ್ತದೆ. ಕೈ ಕೆಳಗಿಟ್ಟಿದ್ದರೆ ಅಡ್ಡ ಗೆರೆ ಎಳೆದಿರುತ್ತವೆ. ನಮ್ಮ ಕಡೆ ಇನ್ನೊಂದಿದೆ, ಲಿಂಗದ ಬೆಳ್ಳಿ ಕರಡಿಗೆ. ಅದು ಎದೆ ಮೇಲಿದ್ದರೆ ಸುತ್ತ ಬಿಳಿ ಗೆರೆ ಸಿಡಿದು ಒಳಗಿನದ್ದು ಹಾಳು. ತೆಗೆಯಿರಿ ಅಂದರೆ ಹಿರಿಯರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಶಿವದಾರ ಬಿಚ್ಚಿ ಅಂಗೈಯಲ್ಲಿ ಹಿಡಿದುಕೊಳ್ಳಿ ಅಜ್ಜಾರೆ ಅನ್ನುತ್ತೇನೆ. ಕೈ ಹೇಗೂ ತಲೆ ಮೇಲೆ ಚಾಚಿರುತ್ತದೆ, ಸ್ಕ್ಯಾನಿನ ಹೊರಗೆ. ಇಂಥದ್ದು ಆಗಿದ್ದರೆ ಮತ್ತೆ ಮಾಡಿಸಿ. ಬರೀ ರವೆಗೆ ಬೇಡ.

ಸಿಡಿಯ ಕೊನೆಗೆ ಡೋಸ್ ರಿಪೋರ್ಟ್ ಅಂತ ಕಪ್ಪು ಪುಟ ಇರುತ್ತದೆ. ಅದರಲ್ಲಿ ಡಿಎಲ್‌ಪಿ ಎಷ್ಟಿದೆ ಹೇಳಿ, ಸ್ಕ್ಯಾನಿನಲ್ಲಿ ಒಟ್ಟು ಬಿಟ್ಟ ಕಿರಣದ ಲೆಕ್ಕ ಅದು.

ಬೆಟಗೇರಿಯವ:
ಈಗಿನದು 78. ಹಳೇದು ರಿಪೋರ್ಟಿನಲ್ಲೇ ಬರೆದಿದ್ದರು, 410. ಲಂಗ್ ವಿಂಡೋ ತೆರೆದೆ. ಗಂಟು ಚೊಕ್ಕ ಕಾಣುತ್ತದೆ, ಅಂಚೂ ಸರಿ ಇದೆ. ಅಡ್ಡ ಗೆರೆ ಏನೂ ಇಲ್ಲ.

ಸಿಟಿ ರೂಮಿನವ, ಹುಬ್ಬಳ್ಳಿ:
ಮತ್ತಿನ್ನೇನು! ಎದೆಗೆ ಡಿಎಲ್‌ಪಿಯನ್ನು 0.014ರಿಂದ ಗುಣಿಸಿದರೆ ಮೈಗೆ ತಾಗಿದ ಕಿರಣ ಅಂದಾಜು ಎಷ್ಟು ಮಿಲಿಸೀವರ್ಟ್ ಅಂತ ಸಿಗುತ್ತದೆ. ಆಗ 5.7, ಈಗ 1.1. ಸುಮ್ನೆ ಕೂತರೂ ನೆಲ, ಗಾಳಿ, ಆಕಾಶದಿಂದ ವರ್ಷಕ್ಕೆ 2.4ರಷ್ಟು ಮೈಗೆ ತಾಗುತ್ತದೆ, ಅದು ಜಗತ್ತಿನ ಸರಾಸರಿ. ಮಾವನಿಗೆ ಇದನ್ನು ಹೇಳಿ. ರವೆ ಪೂರ್ತಿ ಹೋಗುವ ಹಾಗೆ ಸಾಫ್ಟ್‌ವೇರಿನಲ್ಲಿ ತಿಕ್ಕಿಸಬಹುದು, ಇಟರೇಟಿವ್ ರೀಕನ್‌ಸ್ಟ್ರಕ್ಷನ್ ಅಂತ. ಅತಿಯಾದರೆ ಸಣ್ಣ ವಿವರಗಳೂ ಜೊತೆಗೇ ಹೋಗುತ್ತವೆ. ನನಗೆ ಸ್ವಲ್ಪ ರವೆ ಇರುವ ಚಿತ್ರದ ಮೇಲೇ ನಂಬಿಕೆ ಜಾಸ್ತಿ.

ಧಾರವಾಡ ಪಿಜಿ (ಎದೆ ವಿಭಾಗ):
7 ಇದ್ದದ್ದು 6 ಆಯಿತು ಅಂತ ಖುಷಿಪಡುವುದೂ ಬೇಡ. 1 ಮಿಮೀ ವ್ಯತ್ಯಾಸ ಅಳೆಯುವ ಕೈಯದ್ದೇ ಇರಬಹುದು. ಶ್ವಾಸಕೋಶದ ಗಂಟುಗಳ ಬಗ್ಗೆ ಫ್ಲೈಷ್ನರ್ ಸೊಸೈಟಿಯ ತಜ್ಞರು ಕೊಟ್ಟ 2017ರ ಸೂಚನೆಯಲ್ಲಿ ಕನಿಷ್ಠ 2 ಮಿಮೀ ಹೆಚ್ಚಿದರೆ ಮಾತ್ರ ಬೆಳವಣಿಗೆ ಎನ್ನುತ್ತಾರೆ. ಇಂಥ ಫಾಲೋಅಪ್‌ಗೆ ಲೋ ಡೋಸನ್ನೇ ಹೇಳುತ್ತಾರೆ ಕೂಡ. ಆದರೆ ಎರಡೂ ಸ್ಕ್ಯಾನನ್ನು ಒಂದೇ ಸ್ಲೈಸ್ ದಪ್ಪದಲ್ಲಿ ಪಕ್ಕಪಕ್ಕ ಇಟ್ಟು ಅಳೆಯಬೇಕು. ಹಳೇದು 5 ಮಿಮೀ, ಹೊಸದು 1 ಮಿಮೀ ಆದರೆ ಹೋಲಿಕೆಗೆ ಅರ್ಥವಿಲ್ಲ. ಹಳೆ ಸಿಡಿ ಕೊಟ್ಟಿದ್ದಿರಾ?

ಬೆಟಗೇರಿಯವ:
ಇಲ್ಲ ಸರ್, ಬರೀ ಹಳೆ ರಿಪೋರ್ಟ್ ತೋರಿಸಿದ್ದೆವು. ಸಿಡಿ ರೋಣದಲ್ಲಿ ಅಕ್ಕನ ಮನೆಯಲ್ಲಿದೆ. ತರಿಸಿ ರೇಡಿಯಾಲಜಿಸ್ಟ್ ಕೈಗೆ ಕೊಟ್ಟು, ಮತ್ತೆ ಅಳೆಯಲು ಕೇಳುತ್ತೇನೆ. ಮಾವನಿಗೆ 410, 78 ಎರಡೂ ಹೇಳಿದೆ. "ಹಂಗಾದ್ರ ರೇಟೂ ಕಡಿಮಿ ಮಾಡ್ಬೇಕಿತ್ತಲ್ಲ" ಅಂತಾರೆ.